ಒಂದೇ ದಾರಿಗೆ ಮೂರು ವಾಹನ: ವಿಯೆನ್ನಾದ ಯು3 ಮೆಟ್ರೋ, 49ನೇ ಟ್ರಾಮ್ ಮತ್ತು ಕಾರು

ವಿಯೆನ್ನಾದ ಪಶ್ಚಿಮಕ್ಕಿರುವ ಹ್ಯೂಟೆಲ್‌ಡಾರ್ಫರ್ ಸ್ಟ್ರಾಸೆ ನಿಲ್ದಾಣದ ಹತ್ತಿರ ನಮ್ಮ ಮನೆ. ಕಚೇರಿ ಇರುವುದು ನಗರದ ನಡುವೆ, ಫೋಕ್ಸ್‌ಟಿಯಾಟರ್ ನಿಲ್ದಾಣದ ಬಳಿ. ನೆಲದಡಿ ಯು3 ಮೆಟ್ರೋ, ನೆಲದ ಮೇಲೆ ರಸ್ತೆಯ ಹಳಿಗಳಲ್ಲಿ ಓಡುವ 49ನೇ ಸಂಖ್ಯೆಯ ಟ್ರಾಮ್, ಎರಡೂ ಈ ಎರಡು ಜಾಗಗಳನ್ನು ಮುಟ್ಟುವುದರಿಂದ, ಕಾರನ್ನೂ ಸೇರಿಸಿಕೊಂಡು ಮೂರರಲ್ಲೂ ತಿಂಗಳುಗಟ್ಟಲೆ ಓಡಾಡಿ ನೋಡಿದ್ದೇನೆ.

ಕಾರಿನ ವಿಷಯ ಬೇಗ ಮುಗಿಯುತ್ತದೆ. 2022ರ ಮಾರ್ಚ್‌ನಿಂದ ಅಲ್ಪಾವಧಿ ಪಾರ್ಕಿಂಗ್ ನಿಯಮ ಹೆಚ್ಚುಕಡಿಮೆ ಇಡೀ ನಗರಕ್ಕೆ ಅನ್ವಯಿಸುತ್ತಿದ್ದು, ನಿವಾಸಿಗಳಿಗೆ ಕೊಡುವ ಪರವಾನಗಿ ಸಾಮಾನ್ಯವಾಗಿ ಅವರ ಜಿಲ್ಲೆಯಲ್ಲಷ್ಟೇ ನಡೆಯುತ್ತದೆ. ಕಚೇರಿಯ ಬೀದಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲವಾದ್ದರಿಂದ, ದಿನವಿಡೀ ಕೆಲಸ ಮಾಡುವವನಿಗೆ ಕಾರು ಉಪಯೋಗಕ್ಕೆ ಬರುವುದಿಲ್ಲ. ಈ ನಿಯಮ ಸರಿಯಾದದ್ದೆಂದೇ ನನ್ನ ಅಭಿಪ್ರಾಯ.

ನಿಜವಾದ ಪೈಪೋಟಿ ಇರುವುದು ಮೆಟ್ರೋಗೂ ಟ್ರಾಮಿಗೂ. ಒಂದೇ ವಾರ್ಷಿಕ ಪಾಸು ಎರಡಕ್ಕೂ ನಡೆಯುವುದರಿಂದ ಹಣದ ಲೆಕ್ಕ ಇಲ್ಲಿ ಬರುವುದಿಲ್ಲ. 2012ರಿಂದ ಹಲವು ವರ್ಷ ಆ ಪಾಸಿನ ಬೆಲೆ 365 ಯೂರೋ, ಅಂದರೆ ದಿನಕ್ಕೆ ಒಂದೇ ಯೂರೋ ಇತ್ತು. ಯು3ರಲ್ಲಿ ಆರನೆಯ ನಿಲ್ದಾಣವೇ ನನ್ನದು, ಸುಮಾರು ಹತ್ತು ನಿಮಿಷ ಸಾಕು. ಟ್ರಾಮಿಗೆ ಅದರ ಎರಡರಷ್ಟು ಬೇಕು. ಆದರೆ ನಿಲ್ದಾಣದವರೆಗಿನ ನಡಿಗೆ, ಎಸ್ಕಲೇಟರಿನಲ್ಲಿ ಇಳಿದು ಹತ್ತುವ ಹೊತ್ತು ಎಲ್ಲವನ್ನೂ ಸೇರಿಸಿ ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿನವರೆಗೆ ಎಣಿಸಿದರೆ, ಅಂತರ ಆರೇಳು ನಿಮಿಷಕ್ಕೆ ಇಳಿಯುತ್ತದೆ.

ಟ್ರಾಮನ್ನು ಸೋಲಿಸುವುದು ಅದರ ವೇಗವಲ್ಲ, ರಸ್ತೆ. ಕಳೆದ ನವೆಂಬರಿನ ಒಂದು ಬೆಳಿಗ್ಗೆ ವೆಸ್ಟ್‌ಬಾನ್‌ಸ್ಟ್ರಾಸೆ ಎಂಬ ರಸ್ತೆಯಲ್ಲಿ ಸಾಮಾನು ಇಳಿಸುತ್ತಿದ್ದ ವ್ಯಾನೊಂದರ ಹಿಂಭಾಗ ಹಳಿಯ ಕಡೆಗೆ ಒಂದು ಗೇಣಿನಷ್ಟು ಚಾಚಿಕೊಂಡಿತ್ತು. ಚಾಲಕಿ ಗಂಟೆ ಬಾರಿಸಿದರು, ಕಾದರು, ಕೊನೆಗೆ ಕೆಳಗಿಳಿದು ಬಗ್ಗಿ ಕನ್ನಡಿಗೂ ವ್ಯಾನಿಗೂ ನಡುವಿನ ಜಾಗವನ್ನು ಅಂಗೈಯಿಂದ ಅಳೆದರು. ಬಸ್ಸಾಗಿದ್ದರೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಹದಿನಾಲ್ಕು ನಿಮಿಷ ನಾವೆಲ್ಲ ನಿಂತೆವು. ಅಷ್ಟರಲ್ಲಿ ಹಿಂದೆ ಇನ್ನೊಂದು 49 ಬಂದು ನಿಂತಿತು. ಒಬ್ಬರ ಅನುಕೂಲಕ್ಕಾಗಿ ಇನ್ನೂರು ಜನರ ಬೆಳಗು ಕೆಡುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

1993ರಲ್ಲಿ ಯು3 ವೆಸ್ಟ್‌ಬಾನ್‌ಹೋಫ್ ರೈಲು ನಿಲ್ದಾಣವನ್ನು ಮುಟ್ಟಿದಾಗ ಅದರ ಮೇಲಿನ ಮರಿಯಾಹಿಲ್ಫರ್ ಸ್ಟ್ರಾಸೆಯ ಟ್ರಾಮನ್ನು ತೆಗೆದುಹಾಕಲಾಯಿತು. 49 ಉಳಿದುಕೊಂಡಿರುವುದು ದೊಡ್ಡ ಭಾಗ್ಯ. ಈಗ ಯು2 ಮತ್ತು ಯು5 ಮೆಟ್ರೋ ಮಾರ್ಗಗಳಿಗಾಗಿ ಸುರಂಗ ಕೊರೆಯುತ್ತಿದ್ದಾರೆ, ಅದೂ ಬೇಕು. ಆದರೆ ಹಳಿಯ ಪಕ್ಕದ ಕೆಲವು ಪಾರ್ಕಿಂಗ್ ಜಾಗಗಳನ್ನು ತೆಗೆದು, ಸಿಗ್ನಲ್‌ಗಳಲ್ಲಿ ಟ್ರಾಮಿಗೆ ಮೊದಲ ಹಸಿರು ಕೊಟ್ಟರೆ, ಆ ಸುರಂಗದ ಖರ್ಚಿನ ಅತ್ಯಲ್ಪ ಭಾಗದಲ್ಲಿ ನನ್ನ ಆ ಆರೇಳು ನಿಮಿಷದ ಬಹುಪಾಲು ಮರಳಿ ಸಿಗುತ್ತದೆ.

ಮಂಡಿನೋವಿರುವ ಅಮ್ಮ ಊರಿನಿಂದ ಬಂದು ಎರಡು ತಿಂಗಳು ನಮ್ಮೊಡನಿದ್ದರು. ಮೆಟ್ರೋದಲ್ಲಿ ಲಿಫ್ಟ್ ಇದ್ದರೂ ಅದನ್ನು ಹುಡುಕಿಕೊಂಡು ಹೋಗಲು ಅವರಿಗೆ ಅಳುಕು. ಟ್ರಾಮಿನ ಬಾಗಿಲಲ್ಲಾದರೆ ಮೆಟ್ಟಿಲೇ ಇಲ್ಲ, ಹೊಸ್ತಿಲು ದಾಟಿದ ಹಾಗೆ ಒಳಗೆ ಕಾಲಿಡಬಹುದು. ಮೂರನೆಯ ವಾರದಿಂದ ಅವರು ಒಬ್ಬರೇ 49 ಹತ್ತಿ, ಕಿಟಕಿಯ ಪಕ್ಕ ಕುಳಿತು, ಬೇಕರಿಯ ಹಸಿರು ಫಲಕ ಕಂಡೊಡನೆ ಇಳಿಯಲು ಎದ್ದು ನಿಲ್ಲುತ್ತಿದ್ದರು. ಅವಸರದ ಬೆಳಿಗ್ಗೆ ನಾನು ಯು3ಕ್ಕೆ ಹೋಗುತ್ತೇನೆ. ಸಂಜೆ ಮಾತ್ರ 49ಕ್ಕಾಗಿಯೇ ಕಾಯುತ್ತೇನೆ.