ಬ್ರೊಕೋಲಿಗೆ ಮಡಚುವ ಸ್ಟೀಲ್ ಹಬೆತಟ್ಟೆ: ಹಲವು ವರ್ಷಗಳ ಬಳಕೆಯ ಬಳಿಕ

ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆಯಾದ ಅಟ್ಟಿನಳಗೆ ಇರುವ ಮನೆಗೆ ತರಕಾರಿ ಬೇಯಿಸಲೆಂದೇ ಇನ್ನೊಂದು ಹಬೆಯ ಸಾಧನ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡುಗೆಮನೆಗಳಲ್ಲಿ, ಎಲೆಯಲ್ಲಿ ಹಿಟ್ಟು ಸುತ್ತಿ ಬೇಯಿಸುವ ಕೊಟ್ಟಿಗೆ, ಕೆಸುವಿನೆಲೆಯ ಪತ್ರೊಡೆ ಮುಂತಾದ ತಿಂಡಿಗಳಿಗೆಂದು ದೊಡ್ಡ ಅಟ್ಟಿನಳಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮ್ಮಲ್ಲೂ ಇದೆ, ಆ ತಿಂಡಿಗಳಿಗೆ ಅದಕ್ಕಿಂತ ಒಳ್ಳೆಯ ಪಾತ್ರೆಯನ್ನು ನಾನು ಕಂಡಿಲ್ಲ. ಆದರೆ ಪತ್ರೊಡೆಗೆ ಬೇಕಾಗುವುದು ದೀರ್ಘಕಾಲದ ಹಬೆ, ಬ್ರೊಕೋಲಿಗೆ ಬೇಕಾಗುವುದು ನಾಲ್ಕೈದು ನಿಮಿಷಗಳ ಬಿರುಸಾದ ಹಬೆ, ಮತ್ತು ಆ ಅವಧಿ ಮುಗಿದ ಕ್ಷಣದಲ್ಲೇ ತರಕಾರಿ ಬಿಸಿಯಿಂದ ಹೊರಗೆ ಬರಬೇಕು. ಇಬ್ಬರು ಮೂವರ ಊಟಕ್ಕೆ ಬೇಕಾದ ಒಂದು ಬಟ್ಟಲು ಬ್ರೊಕೋಲಿಗಾಗಿ ಅಟ್ಟಿನಳಗೆಯ ಅಷ್ಟೂ ನೀರನ್ನು ಕುದಿಸುವುದರಲ್ಲಿ ಅರ್ಥವಿಲ್ಲ. ಈ ಕಾರಣಕ್ಕಾಗಿ ತಂದ ಮಡಚುವ ಸ್ಟೀಲ್ ಹಬೆತಟ್ಟೆಯನ್ನು ಹಲವು ವರ್ಷಗಳಿಂದ ಬಳಸುತ್ತಿರುವುದರಿಂದ, ಅದರ ಗುಣವನ್ನೂ ಮಿತಿಯನ್ನೂ ಖಚಿತವಾಗಿ ಹೇಳಬಲ್ಲೆ.

ಇದರ ರಚನೆ ಸರಳವಾಗಿದೆ. ನಡುವೆ ತೂತುಗಳಿರುವ ದುಂಡು ತಟ್ಟೆ, ಅದರ ಸುತ್ತ ಒಂದರ ಮೇಲೊಂದು ಜಾರುವ ತೆಳುವಾದ ಎಸಳುಗಳು, ಕೆಳಗೆ ಮೂರು ಗಿಡ್ಡ ಕಾಲುಗಳು, ಮಧ್ಯದಲ್ಲಿ ಎತ್ತಲು ಒಂದು ಕಡ್ಡಿ. ಎಸಳುಗಳು ಪಾತ್ರೆಯ ಅಗಲಕ್ಕೆ ತಕ್ಕಂತೆ ತಾವಾಗಿಯೇ ತೆರೆದುಕೊಳ್ಳುವುದರಿಂದ, ಬಿಗಿಯಾದ ಮುಚ್ಚಳವಿರುವ ಮನೆಯ ಯಾವ ಪಾತ್ರೆಯಲ್ಲಾದರೂ ಇದನ್ನು ಇಡಬಹುದು. ನನ್ನ ದೃಷ್ಟಿಯಲ್ಲಿ ಇದರ ಅತ್ಯಂತ ಬೆಲೆಬಾಳುವ ಭಾಗ ಆ ನಡುಗಡ್ಡಿ. ಇಕ್ಕಳದಿಂದ ಅದನ್ನು ಹಿಡಿದು ಎತ್ತಿದರೆ ಇಡೀ ತರಕಾರಿ ಒಮ್ಮೆಗೇ ಹೊರಗೆ ಬರುತ್ತದೆ. ಒಂದೊಂದೇ ತುಂಡನ್ನು ಚಮಚದಿಂದ ತೆಗೆಯುವಷ್ಟರಲ್ಲಿ ಉಳಿದವು ಮೆತ್ತಗಾಗುವ ತೊಂದರೆ ಇಲ್ಲ.

ಬೇಯಿಸುವ ಕ್ರಮದಲ್ಲಿ ಗಮನ ಬೇಕಾದದ್ದು ಹೆಚ್ಚುವಾಗ. ಹೂಗಳನ್ನು ಸುಮಾರು ಒಂದೇ ಗಾತ್ರಕ್ಕೆ ಬಿಡಿಸಿ, ಹುಳುಗಳಿದ್ದರೆ ಹೊರಬರಲೆಂದು ಉಪ್ಪು ಅರಿಶಿನದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ತೊಳೆದು ನೀರು ಬಸಿಯಬೇಕು. ದಂಟನ್ನು ಎಸೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹೊರಗಿನ ನಾರಿನ ಸಿಪ್ಪೆಯನ್ನು ಚಾಕುವಿನಿಂದ ಎಳೆದು ತೆಗೆದರೆ ಒಳಗಿನ ತಿರುಳು ನವಿಲುಕೋಸಿನಂತೆ ಎಳೆಯದಾಗಿ, ಸಿಹಿಯಾಗಿ ಇರುತ್ತದೆ. ಇದು ಆಶ್ಚರ್ಯವೇನಲ್ಲ, ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೋಲಿ ಎಲ್ಲವೂ ಒಂದೇ ಸಸ್ಯಪ್ರಭೇದದ ತಳಿಗಳು. ದಂಟಿನ ಬಿಲ್ಲೆಗಳನ್ನು ತಟ್ಟೆಯ ನಡುವೆ ಕೆಳಗಡೆ ಹರಡಿ, ಹೂಗಳನ್ನು ಅವುಗಳ ಮೇಲೆ ತಲೆ ಮೇಲಾಗಿ ನಿಲ್ಲಿಸಬೇಕು. ನೀರು ತಟ್ಟೆಯ ತಳಕ್ಕೆ ತಾಗದಂತೆ ಒಂದು ಬೆರಳಿನಷ್ಟು ಕೆಳಗಿದ್ದರೆ ಸಾಕು. ನೀರು ಚೆನ್ನಾಗಿ ಕುದಿದು ಹಬೆ ಏಳತೊಡಗಿದ ಮೇಲೆಯೇ ತಟ್ಟೆಯನ್ನು ಇಳಿಸಿ ಮುಚ್ಚಬೇಕು, ಏಕೆಂದರೆ ತಣ್ಣೀರಿನಿಂದ ಆರಂಭಿಸಿದರೆ ಬೆಂದ ಹೊತ್ತಿನ ಲೆಕ್ಕ ಸಿಗುವುದಿಲ್ಲ.

ಎರಡು ನಿಮಿಷಗಳಲ್ಲಿ ಬಣ್ಣ ಗಾಢ ಹಸಿರಿಗೆ ತಿರುಗುವುದು ಕಾಣಿಸುತ್ತದೆ. ಅಂಗಾಂಶದೊಳಗಿನ ಗಾಳಿ ಹೊರಟುಹೋಗಿ ಹಸಿರು ಸ್ಪಷ್ಟವಾಗಿ ಹೊಳೆಯುವುದೇ ಇದಕ್ಕೆ ಕಾರಣ. ನಾಲ್ಕನೆಯ ನಿಮಿಷದ ಬಳಿಕ ಚಾಕುವಿನ ತುದಿ ದಂಟಿನೊಳಗೆ ಸ್ವಲ್ಪ ತಡೆಯೊಂದಿಗೆ ಇಳಿಯುತ್ತದೆ, ನನಗೆ ಬೇಕಾದ ಹದ ಅದೇ. ಏಳೆಂಟು ನಿಮಿಷ ದಾಟಿದರೆ ಗಿಡದೊಳಗಿನ ಆಮ್ಲವು ಹಸಿರು ಬಣ್ಣ ಕೊಡುವ ಹರಿತ್ತಿನ ಮೆಗ್ನೀಸಿಯಮನ್ನು ಹೊರದೂಡಿ ಬಣ್ಣ ಮಾಸಿದ ಪಾಚಿಹಸಿರಾಗುತ್ತದೆ, ಜೊತೆಗೆ ಗಂಧಕದ ಸಂಯುಕ್ತಗಳ ವಾಸನೆಯೂ ಬಲಿಯುತ್ತದೆ. ಬ್ರೊಕೋಲಿಯೆಂದರೆ ಮೂಗು ಮುಚ್ಚಿಕೊಳ್ಳುವ ಹೆಚ್ಚಿನವರು ತಿಂದದ್ದು ಕುಕ್ಕರಿನಲ್ಲಿ ಸೀಟಿ ಹಾಕಿಸಿದ, ಈ ಸ್ಥಿತಿಗೆ ತಲುಪಿದ ಬ್ರೊಕೋಲಿಯನ್ನು ಎಂದು ನಾನು ನಂಬುತ್ತೇನೆ. ಲಿಂಬೆರಸವೂ ಆಮ್ಲವೇ ಆದ ಕಾರಣ ಅದನ್ನು ಬಡಿಸುವ ಹೊತ್ತಿಗಷ್ಟೇ ಹಿಂಡಬೇಕು.

ಪೋಷಕಾಂಶದ ದೃಷ್ಟಿಯಿಂದ ಹಬೆಗೆ ಸ್ಪಷ್ಟವಾದ ಮೇಲುಗೈಯಿದೆ. 100 ಗ್ರಾಂ ಹಸಿ ಬ್ರೊಕೋಲಿಯಲ್ಲಿ ಸುಮಾರು 90 ಮಿಲಿಗ್ರಾಂ ಸಿ ಜೀವಸತ್ತ್ವವಿದ್ದು, ಅದು ನೀರಿನಲ್ಲಿ ಕರಗುವುದರಿಂದ ಬೇಯಿಸಿದ ನೀರನ್ನು ಚೆಲ್ಲಿದಾಗ ಗಣನೀಯ ಭಾಗ ಅದರೊಂದಿಗೇ ಹೋಗುತ್ತದೆ. ಇನ್ನೊಂದು ವಿಚಾರ ನಮ್ಮ ಊರಿನ ಅಡುಗೆಗೆ ಹತ್ತಿರವಾದದ್ದು. ಬ್ರೊಕೋಲಿಯನ್ನು ಹೆಚ್ಚಿದಾಗ ಅದರಲ್ಲಿರುವ ಮೈರೋಸಿನೇಸ್ ಎಂಬ ಕಿಣ್ವ ಕೆಲಸಮಾಡಿ, ಸಂಶೋಧಕರು ಬಹಳವಾಗಿ ಅಧ್ಯಯನ ಮಾಡಿರುವ ಸಲ್ಫೊರಫೇನ್ ಎಂಬ ಸಂಯುಕ್ತ ಉಂಟಾಗುತ್ತದೆ; ಹೆಚ್ಚು ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಹಸಿ ಸಾಸಿವೆಯಲ್ಲಿಯೂ ಅದೇ ಬಗೆಯ ಕಿಣ್ವವಿರುವುದರಿಂದ, ಬೆಂದ ಬ್ರೊಕೋಲಿಗೆ ಸಾಸಿವೆ ಪುಡಿ ಸೇರಿಸಿದರೆ ಆ ಕೊರತೆ ತುಂಬುತ್ತದೆ. ಕಾಯಿತುರಿಯೊಂದಿಗೆ ಹಸಿ ಸಾಸಿವೆ ಅರೆದು ಮೊಸರು ಕೂಡಿಸುವ ಸಾಸಮೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆಯಷ್ಟೆ. ಆರಿದ ಬ್ರೊಕೋಲಿಗೆ ಊಟದ ಹೊತ್ತಿಗೆ ಆ ಅರೆಪ್ಪನ್ನು ಬೆರೆಸಿದರೆ ಕುಚ್ಚಲಕ್ಕಿ ಅನ್ನದ ಬದಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ತಿಂದೇ ತಿಳಿಯಬೇಕು. ಕಾದ ಎಣ್ಣೆಯಲ್ಲಿ ಸಿಡಿಸಿದ ಸಾಸಿವೆಯಿಂದ ರುಚಿ ಬರುತ್ತದೆ, ಕಿಣ್ವ ಮಾತ್ರ ಸಿಗುವುದಿಲ್ಲ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುವವರು ಮನೆಯಲ್ಲಿದ್ದರೆ, ಬ್ರೊಕೋಲಿಯಲ್ಲಿ ಕೆ ಜೀವಸತ್ತ್ವ ಹೇರಳವಾಗಿರುವ ಕಾರಣ ಅವರು ವೈದ್ಯರ ಸಲಹೆಯಂತೆ ಪ್ರಮಾಣವನ್ನು ಒಂದೇ ಸಮನಾಗಿ ಇಟ್ಟುಕೊಳ್ಳಬೇಕು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ತಟ್ಟೆಯ ಉಕ್ಕು ಇಂದಿಗೂ ಹೊಳಪು ಕಳೆದುಕೊಂಡಿಲ್ಲ, ಆದರೆ ಎಸಳುಗಳನ್ನು ಹಿಡಿದಿರುವ ಸಣ್ಣ ಬಳೆಗಳು ಇದರ ದುರ್ಬಲ ಜಾಗ. ನಮ್ಮ ತಟ್ಟೆಯ ಒಂದು ಎಸಳು ಸಡಿಲವಾಗಿ ಕಳಚಿಬಂತು. ತೆಳ್ಳನೆಯ ಸ್ಟೀಲ್ ತಂತಿಯಿಂದ ಬಿಗಿದ ಮೇಲೆ ಮತ್ತೆ ತೊಂದರೆಯಾಗಿಲ್ಲ. ಕಾಲುಗಳ ಬುಡದ ಪಿನ್ನುಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ, ಆದುದರಿಂದ ತೊಳೆದು ಹಾಗೆಯೇ ಮಡಚಿಡದೆ ಒರೆಸಿ, ತೆರೆದು ಒಣಗಿಸಬೇಕು. ನೀರಿನ ವ್ಯತ್ಯಾಸವೂ ಗೊತ್ತಾಗುತ್ತದೆ: ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದುಬರುವ ನೀರು ಬಳಸಿದಾಗ ಕಲೆಯೇ ಇರುವುದಿಲ್ಲ, ಬೇಸಗೆಯಲ್ಲಿ ಕೊಳವೆಬಾವಿಯ ನೀರಿಗೆ ಹೋದರೆ ತಟ್ಟೆಯ ಅಡಿಯಲ್ಲಿ ಕಂದು ಲೇಪ ಕೂರುತ್ತದೆ. ಹುಳಿ ನೀರಿನಲ್ಲಿ ನೆನೆಸಿ ತಿಕ್ಕಿದರೆ ಅದು ಹೋಗುತ್ತದೆ. ನಾನ್‌ಸ್ಟಿಕ್ ಪಾತ್ರೆಯಲ್ಲಿ ಇದನ್ನು ಇಡಲೇಬಾರದು, ಕಾಲುಗಳು ಲೇಪವನ್ನು ಗೀರುತ್ತವೆ.

ಕಾಲುಗಳು ಗಿಡ್ಡವಾಗಿರುವ ಕಾರಣ ಕೆಳಗೆ ಹೆಚ್ಚು ನೀರು ಹಿಡಿಯುವುದಿಲ್ಲ. ಬ್ರೊಕೋಲಿ, ಬೀನ್ಸ್, ಕ್ಯಾರೆಟ್ಟುಗಳಿಗೆ ಅದು ಸಾಕು. ಗೆಣಸು, ಮರಗೆಣಸುಗಳಿಗೆ ನಡುವೆ ಬಿಸಿನೀರು ಸೇರಿಸಬೇಕಾಗುತ್ತದೆ, ಅಂಥವನ್ನು ಅಟ್ಟಿನಳಗೆಗೇ ಬಿಡುವುದು ಒಳ್ಳೆಯದು. ಐದಾರು ಮಂದಿಯ ಮನೆಗೂ ಈ ತಟ್ಟೆ ಸಾಲದು, ಎರಡು ಪದರವಾಗಿ ಒತ್ತಿ ತುಂಬಿದರೆ ಮೇಲಿನದು ಹಸಿಯಾಗಿ ಉಳಿಯುತ್ತದೆ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಎಸಳುಗಳನ್ನು ಎರಡು ಮೂರು ಬಾರಿ ತೆರೆದು ಮುಚ್ಚಿ ನೋಡಿ, ಬಳೆಗಳು ಬಿಗಿಯಾಗಿವೆಯೇ ಎಂದು ಪರೀಕ್ಷಿಸಿ, ನಡುಗಡ್ಡಿಯ ತುದಿಯಲ್ಲಿ ಇಕ್ಕಳಕ್ಕೆ ಸಿಗುವಂತಹ ಉಂಗುರವಿರುವುದನ್ನೇ ಆರಿಸಿಕೊಳ್ಳಬೇಕು.