ಕೌಲ್ ಬಜಾರಿನ ಹಳೆ ಹಿತ್ತಾಳೆ ಅಂಗಡಿ: ಸ್ಕೌಟ್ ತೋಳುಬಿಲ್ಲೆ ಹುಡುಕುವವರಿಗಾಗಿ ಒಂದು ವಿಮರ್ಶೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹಳೆಯ ಹಿತ್ತಾಳೆ ಮತ್ತು ತಾಮ್ರದ ಸಾಮಾನುಗಳನ್ನು ಮಾರುವ ಒಂದು ಚಿಕ್ಕ ಅಂಗಡಿಯಿದೆ. ಹಂಡೆ, ಕೊಳಗ, ದೀಪದ ಕಂಬಗಳಿಂದ ಮುಂಭಾಗವೆಲ್ಲ ತುಂಬಿಹೋಗಿರುವುದರಿಂದ, ಗಲ್ಲಾಪೆಟ್ಟಿಗೆಯ ಹಿಂದಿನ ಮರದ ಖಾನೆಗಳಲ್ಲಿ ಬ್ರಿಟಿಷ್ ಸೈನ್ಯದ ಗುಂಡಿಗಳು, ಟೋಪಿಯ ಲಾಂಛನಗಳು ಮತ್ತು ತೋಳುಬಿಲ್ಲೆಗಳು ಇವೆಯೆಂಬುದು ಕೇಳಿದವರಿಗಷ್ಟೇ ತಿಳಿಯುತ್ತದೆ. ಸಂಗ್ರಹಕಾರರ ನಡುವೆ ಈ ಅಂಗಡಿಯ ಬಗ್ಗೆ ಬಾಯಿಮಾತಿನ ಹೊಗಳಿಕೆ ಸಾಕಷ್ಟಿದೆ. ಅದರಲ್ಲಿ ಎಷ್ಟು ನಿಜ, ಎಲ್ಲಿ ಎಚ್ಚರ ಬೇಕು ಎಂಬುದನ್ನು, ನನಗೆ ಹೆಚ್ಚು ಪರಿಚಯವಿರುವ ಸ್ಕೌಟ್ ಬಿಲ್ಲೆಗಳ ಮಟ್ಟಿಗೆ, ಇಲ್ಲಿ ಬರೆಯುತ್ತೇನೆ.

ಇಂಥ ವಸ್ತುಗಳು ಬಳ್ಳಾರಿಯಲ್ಲಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದರಾಸು ಪ್ರಾಂತ್ಯದ ದೊಡ್ಡ ದಂಡುಪ್ರದೇಶವಾಗಿ ಬೆಳೆಯಿತು. ಇಂದಿಗೂ ಊರಿನ ಒಂದು ರೈಲು ನಿಲ್ದಾಣದ ಹೆಸರು ಕಂಟೋನ್ಮೆಂಟ್ ಎಂದೇ ಇದೆ. ಸೈನಿಕರು ಹೋದರೂ ಅವರ ಗುಂಡಿ, ಬಕಲ್, ಬಿಲ್ಲೆಗಳಲ್ಲಿ ಕೆಲವು ಇಲ್ಲಿಯೇ ಉಳಿದು, ಮನೆಗಳ ಅಟ್ಟದಿಂದ ಗುಜರಿಗೆ, ಗುಜರಿಯಿಂದ ಇಂಥ ಅಂಗಡಿಗಳಿಗೆ ಬರುತ್ತಿವೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕರಗಿಸಲು ಕಳುಹಿಸುವ ಹಿತ್ತಾಳೆಯನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ ಬೇರ್ಪಡಿಸುವ ತಾಳ್ಮೆ ಈ ಅಂಗಡಿಯ ಯಜಮಾನರಿಗಿದೆ. ಅವರ ಮೇಲೆ ನನಗಿರುವ ಗೌರವ ಮೊದಲಾದದ್ದೂ ಅಲ್ಲಿಂದಲೇ.

ಸ್ಕೌಟ್ ಬಿಲ್ಲೆ ಎಂದೊಡನೆ ಹೆಚ್ಚಿನವರಿಗೆ ಶಾಲಾ ಮಕ್ಕಳ ಚಳವಳಿ ನೆನಪಾಗುತ್ತದೆ, ಆದರೆ ಸೈನ್ಯದ ಬಿಲ್ಲೆ ಅದಕ್ಕಿಂತ ಹಳೆಯದು. ಮುಂದೆ ಬಾಲಕರ ಸ್ಕೌಟ್ ಚಳವಳಿಯನ್ನು ಕಟ್ಟಿದ ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1897ರಲ್ಲಿ ಭಾರತದಲ್ಲಿದ್ದ 5ನೇ ಡ್ರಾಗೂನ್ ಗಾರ್ಡ್ಸ್ ಅಶ್ವದಳದ ನಾಯಕತ್ವ ವಹಿಸಿಕೊಂಡು, ಸೈನ್ಯಕ್ಕಿಂತ ಮುಂದೆ ಸಾಗಿ ದಾರಿ, ನೀರು, ಶತ್ರುವಿನ ಬಲಾಬಲಗಳನ್ನು ಅರಿತು ಬರುವ ಕೆಲಸದಲ್ಲಿ ತನ್ನ ಸೈನಿಕರನ್ನು ಪಳಗಿಸಿದರು. ಆ ತರಬೇತಿಯಲ್ಲಿ ಗೆದ್ದವರಿಗೆ, ದಿಕ್ಸೂಚಿಯಲ್ಲಿ ಉತ್ತರವನ್ನು ತೋರಿಸುವ ಫ್ಲರ್ ಡಿ ಲಿ ಆಕಾರದ, ಅಂದರೆ ಮೂರು ಎಸಳಿನ ಲಿಲ್ಲಿ ಹೂವಿನ ಬಿಲ್ಲೆಯನ್ನು ತೋಳಿನ ಮೇಲೆ ಧರಿಸಲು ಕೊಟ್ಟರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧ 1902ರಲ್ಲಿ ಮುಗಿಯುವ ಹೊತ್ತಿಗೆ ಬೇಹಿನ ಕೆಲಸದ ಬೆಲೆ ಇಡೀ ಸೈನ್ಯಕ್ಕೆ ಮನವರಿಕೆಯಾಗಿತ್ತು; 1905ರಲ್ಲಿ ಈ ಬಿಲ್ಲೆಗೆ ಸೈನ್ಯವ್ಯಾಪಿ ಮನ್ನಣೆ ದೊರೆಯಿತು. ಹೂವಿನ ಕೆಳಗೆ ಅಡ್ಡಪಟ್ಟಿ ಇದ್ದರೆ ಮೊದಲ ದರ್ಜೆಯ ಸ್ಕೌಟ್, ಇಲ್ಲದಿದ್ದರೆ ಎರಡನೆಯ ದರ್ಜೆ. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಪ್ರಾಯೋಗಿಕ ಸ್ಕೌಟ್ ಶಿಬಿರ ನಡೆದದ್ದು 1907ರಲ್ಲಿ. ಬೆಂಗಳೂರಿನಲ್ಲಿ 1909ರಲ್ಲಿಯೇ ಬಾಲಕರ ಸ್ಕೌಟ್ ದಳ ಆರಂಭವಾದ್ದರಿಂದ, ನಮ್ಮ ಕಡೆಯ ಹಳೆ ಪೆಟ್ಟಿಗೆಗಳಲ್ಲಿ ಎರಡೂ ಬಗೆಯ ಬಿಲ್ಲೆಗಳು ಬೆರೆತು ಸಿಗುವ ಸಂಭವವಿದೆ.

ಅಂಗಡಿಯ ಮುಖ್ಯ ಕೊರತೆ ಇಲ್ಲಿಯೇ ಇದೆ. ಲಿಲ್ಲಿ ಹೂವಿನ ಆಕಾರ ಕಂಡದ್ದಕ್ಕೆಲ್ಲ ‘ಸ್ಕೌಟ್’ ಎಂಬ ಒಂದೇ ಚೀಟಿ ಅಂಟಿಸಿ, ಒಂದೇ ಖಾನೆಯಲ್ಲಿ ಹಾಕಿ, ಸರಿಸುಮಾರು ಒಂದೇ ಬೆಲೆ ಹೇಳುತ್ತಾರೆ. ಆ ಖಾನೆಯಲ್ಲಿ ನಾನು ನೋಡಿದ ವಸ್ತುಗಳಲ್ಲಿ ಬಾಲಕರ ಟೋಪಿಯ ಬಿಲ್ಲೆಗಳಿದ್ದವು. ಅವುಗಳ ಎಸಳುಗಳ ಮೇಲಿನ ಎರಡು ನಕ್ಷತ್ರಗಳಿಂದಲೂ ಧ್ಯೇಯವಾಕ್ಯದ ಸುರುಳಿಯಿಂದಲೂ ಅವನ್ನು ಸುಲಭವಾಗಿ ಗುರುತಿಸಬಹುದು. ಅದಕ್ಕಿಂತ ಮೋಸಹೋಗಲು ಹೆಚ್ಚು ಅವಕಾಶವಿರುವುದು ಬ್ರಿಟಿಷ್ ಸೈನ್ಯದ ಮ್ಯಾಂಚೆಸ್ಟರ್ ರೆಜಿಮೆಂಟಿನ ಲಾಂಛನದಲ್ಲಿ. ಆ ರೆಜಿಮೆಂಟು 1923ರಲ್ಲಿ ಫ್ಲರ್ ಡಿ ಲಿಯನ್ನೇ ತನ್ನ ಟೋಪಿಯ ಲಾಂಛನವಾಗಿ ತೆಗೆದುಕೊಂಡಿತು, ಮುಂಬದಿಯನ್ನಷ್ಟೇ ನೋಡುವವರಿಗೆ ಅದಕ್ಕೂ ಸ್ಕೌಟ್ ತೋಳುಬಿಲ್ಲೆಗೂ ಇರುವ ವ್ಯತ್ಯಾಸ ತಟ್ಟನೆ ಹೊಳೆಯುವುದಿಲ್ಲ. ಆದ್ದರಿಂದ ಮೊದಲು ಹಿಂಬದಿಯನ್ನು ನೋಡಬೇಕು. ಟೋಪಿಯ ಲಾಂಛನಕ್ಕೆ ಸಾಮಾನ್ಯವಾಗಿ ಟೋಪಿಯ ಸೀಳಿನೊಳಗೆ ಇಳಿಬಿಡುವ ಉದ್ದನೆಯ ಲೋಹದ ನಾಲಗೆ ಇರುತ್ತದೆ. ಹಿತ್ತಾಳೆಯ ತೋಳುಬಿಲ್ಲೆಗಾದರೆ ಬೆಸುಗೆ ಹಾಕಿದ ಚಿಕ್ಕ ತಂತಿ ಕೊಂಡಿಗಳಿರುತ್ತವೆ. ಅವನ್ನು ಅಂಗಿಯ ತೋಳಿನ ರಂಧ್ರಗಳಲ್ಲಿ ತೂರಿಸಿ, ಒಳಗಿನಿಂದ ಒಂದು ತಗಡಿಟ್ಟು ಪಿನ್ನು ಹಾಕುತ್ತಿದ್ದರು.

ನಕಲುಗಳೂ ಆ ಖಾನೆಯಲ್ಲಿವೆ, ಮತ್ತು ಅವನ್ನು ಗುರುತಿಸುವ ಹೊಣೆಯನ್ನು ಅಂಗಡಿಯವರು ಕೊಳ್ಳುವವರಿಗೇ ಬಿಟ್ಟಿದ್ದಾರೆ. ಅಸಲು ಬಿಲ್ಲೆಯನ್ನು ಹಿತ್ತಾಳೆಯ ತಗಡಿನ ಮೇಲೆ ಉಕ್ಕಿನ ಅಚ್ಚು ಒತ್ತಿ ತಯಾರಿಸುತ್ತಿದ್ದುದರಿಂದ, ಮುಂದೆ ಉಬ್ಬಿದ ಕಡೆ ಹಿಂದೆ ತಗ್ಗು ಕಾಣುತ್ತದೆ, ಅಂಚುಗಳು ಚೊಕ್ಕವಾಗಿರುತ್ತವೆ. ಅಸಲನ್ನೇ ಮಾದರಿಯಾಗಿಟ್ಟು ಎರಕ ಹೊಯ್ದ ನಕಲಿನಲ್ಲಿ ಮೇಲ್ಮೈ ಮರಳುಮರಳಾಗಿ, ಎಸಳಿನ ಗೆರೆಗಳು ಮಸುಕಾಗಿ, ಲೋಹ ತಣ್ಣಗಾಗುವಾಗ ಕುಗ್ಗುವುದರಿಂದ ಅಳತೆಯೂ ತುಸು ಕಡಿಮೆಯಾಗಿರುತ್ತದೆ. ಅಡ್ಡಪಟ್ಟಿಯಿಲ್ಲದ ಬಿಲ್ಲೆಯ ಬುಡದಲ್ಲಿ ಅರ ಉಜ್ಜಿದ ಗುರುತಿದೆಯೇ ಎಂದು ಭೂತಗನ್ನಡಿಯಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುರಿದ ಮೊದಲ ದರ್ಜೆಯ ಬಿಲ್ಲೆಯನ್ನು ಸಮಮಾಡಿ ಎರಡನೆಯ ದರ್ಜೆಯದೆಂದು ಮಾರುವುದು ಕಷ್ಟವೇನಲ್ಲ. ಜೀನ್ಸ್ ಹೊಲಿಯುವ ಘಟಕಗಳಿಗೆ ಹೆಸರಾದ ಈ ಊರಿನಲ್ಲಿ ಲೋಹದ ಗುಂಡಿಗಳನ್ನು ನಿತ್ಯ ಬಳಸುವವರು ಬಹಳ ಮಂದಿ ಇದ್ದಾರೆ. ಅಂಥವರೊಬ್ಬರನ್ನು ಜೊತೆಗೆ ಕರೆದೊಯ್ದರೆ ಒತ್ತಿದ್ದು ಯಾವುದು, ಎರಕದ್ದು ಯಾವುದು ಎಂಬುದನ್ನು ಬೆರಳಿನಿಂದ ಸವರಿಯೇ ಹೇಳಬಲ್ಲರು.

ಇಷ್ಟಿದ್ದರೂ ಈ ಅಂಗಡಿಯನ್ನು ನಾನು ಶಿಫಾರಸು ಮಾಡಲು ಕಾರಣ ಯಜಮಾನರು ಇಟ್ಟಿರುವ ಉದ್ದನೆಯ ಖಾತೆಪುಸ್ತಕ. ವಸ್ತು ಬಂದ ದಿನ, ತಂದವರು ಗುಜರಿಯವರೋ ಮನೆಯವರೋ, ಊರಿನ ಯಾವ ಭಾಗದಿಂದ ಬಂತು, ಅದರ ಜೊತೆ ಇನ್ನೇನು ಬಂತು ಎಂಬುದನ್ನು ಅವರು ಅದರಲ್ಲಿ ಕನ್ನಡದಲ್ಲಿ ಬರೆದಿಡುತ್ತಾರೆ. ನಾನು ಕೊಂಡ ಅಡ್ಡಪಟ್ಟಿಯ ಬಿಲ್ಲೆ ಕಂಟೋನ್ಮೆಂಟಿನ ಕಡೆ ಕೆಡವಿದ ಹಳೆಯ ಬಂಗಲೆಯೊಂದರಿಂದ, ಒಂದು ತಗಡಿನ ಡಬ್ಬಿಯಲ್ಲಿ, ಕುದುರೆ ಲಾಳದ ಬಿಲ್ಲೆ ಮತ್ತು ಸಂಕೇತ ಬಾವುಟಗಳ ಬಿಲ್ಲೆಯ ಜೊತೆ ಬಂದದ್ದೆಂದು ಅಲ್ಲಿ ದಾಖಲಾಗಿತ್ತು. ಲಾಳ ಕುದುರೆಗೆ ಲಾಳ ಕಟ್ಟುವವನ ಗುರುತು, ಅಡ್ಡಡ್ಡ ಬಾವುಟಗಳು ಸಂಕೇತಕಾರನವು. ಈ ಮೂರೂ ಒಬ್ಬನವೇ ಆಗಿರುವ ಸಂಭವ ಕಡಿಮೆ. ಯಾರೋ ಬೇರೆ ಬೇರೆ ಸೈನಿಕರದನ್ನು ಕೂಡಿಸಿಟ್ಟ ಡಬ್ಬಿ ಅದಾಗಿರಬೇಕು. ಈ ತೀರ್ಮಾನಕ್ಕೆ ಬರಲು ನೆರವಾದದ್ದು ಖಾತೆಯ ಆ ಒಂದು ಸಾಲು. ಬಿಡಿ ಬಿಲ್ಲೆಯನ್ನು ಎಷ್ಟು ಹೊತ್ತು ನೋಡಿದರೂ ಅದು ತಿಳಿಯುತ್ತಿರಲಿಲ್ಲ. ಶಿಲಾಯುಗದ ಸಂಶೋಧಕ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇರುವ ಈ ಊರಿನವರಿಗೆ, ಸಿಕ್ಕ ಜಾಗದ ವಿವರವಿಲ್ಲದ ಕಲ್ಲುಕೊಡಲಿಯಿಂದ ಎಷ್ಟು ಕಡಿಮೆ ತಿಳಿಯುತ್ತದೆಂದು ವಿವರಿಸಬೇಕಾಗಿಲ್ಲ.

ಸೈನ್ಯದ ಬಿಲ್ಲೆಗಳ ವಿಷಯದಲ್ಲಿ ಈ ವಿವರಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ತೋಳುಬಿಲ್ಲೆಯ ಮೇಲೆ ಸಾಮಾನ್ಯವಾಗಿ ಹೆಸರಾಗಲಿ ಸೇವಾಸಂಖ್ಯೆಯಾಗಲಿ ಇರುವುದಿಲ್ಲ. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಬಹುಪಾಲು 1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು; ಉಳಿದವು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೀಗಿರುವಾಗ ಬಿಲ್ಲೆ ಬಂದ ಮನೆ, ಅದರ ಜೊತೆ ಬಂದ ಗುಂಡಿ, ತೋಳಿನ ಬಿಲ್ಲೆ ಸ್ಪಷ್ಟವಾಗಿ ಕಾಣುವ ಹಳೆಯ ಸ್ಟುಡಿಯೋ ಫೋಟೋ, ಇವುಗಳಿಂದಲೇ ಸಂಶೋಧನೆ ಮುಂದುವರಿಯಬೇಕು.

ಅಂಗಡಿಯ ಮತ್ತೊಂದು ಒಳ್ಳೆಯ ಪದ್ಧತಿ, ಅವರು ಯಾವ ಬಿಲ್ಲೆಯನ್ನೂ ತಿಕ್ಕಿ ಹೊಳಪಿಸುವುದಿಲ್ಲ. “ಇದಕ್ಕ ಹುಣಸೀಹಣ್ಣು ಮುಟ್ಟಿಸಬ್ಯಾಡ್ರಿ ಸರ, ಇದ್ದಂಗ ಇಡ್ರಿ” ಎಂದು ಯಜಮಾನರು ಪೊಟ್ಟಣ ಕಟ್ಟುವಾಗಲೂ ಹೇಳುತ್ತಾರೆ. ಅವರ ಮಾತು ಸರಿಯಾಗಿದೆ. ಸೈನಿಕ ನಿತ್ಯ ಉಜ್ಜಿದ್ದರಿಂದ ಸವೆದ ಉಬ್ಬು ಭಾಗಗಳು, ಅವನ ಬಟ್ಟೆ ತಲುಪದ ತಗ್ಗುಗಳಲ್ಲಿ ಕಪ್ಪಾಗಿ ನಿಂತ ಹಳೆಯ ಪದರ, ಇವೆರಡೂ ಬಿಲ್ಲೆ ನಿಜವಾಗಿ ತೋಳಿನ ಮೇಲಿತ್ತೆಂಬುದಕ್ಕೆ ಸಾಕ್ಷಿ. ಹುಳಿ ಹಚ್ಚಿದರೆ ಆ ಸಾಕ್ಷಿ ಅಳಿದುಹೋಗುತ್ತದೆ. ಹಸಿರು ಕಿಲುಬು ಹಬ್ಬುತ್ತಿದ್ದರೆ ಮಾತ್ರ ಮೆತ್ತನೆಯ ಮರದ ಕಡ್ಡಿಯಿಂದ ನಿಧಾನವಾಗಿ ಬಿಡಿಸಿ ಒಣ ಜಾಗದಲ್ಲಿ ಇಡಬೇಕು. ಬಟ್ಟೆಯ ಮೇಲೆ ದಾರದಿಂದ ಕಸೂತಿ ಮಾಡಿದ ಬಿಲ್ಲೆಗಳನ್ನು ಇವರು ಇಷ್ಟು ಚೆನ್ನಾಗಿ ಕಾಪಾಡಿಲ್ಲ, ಹೆಚ್ಚಿನವಕ್ಕೆ ನುಸಿ ಹಿಡಿದಿದೆ.

ಬೆಲೆಯ ಬಗ್ಗೆ ನನಗೆ ಸಮಾಧಾನವಿಲ್ಲ. ಅಡ್ಡಪಟ್ಟಿಯ ಬಿಲ್ಲೆಗೆ 1,800 ರೂಪಾಯಿ ಕೊಟ್ಟೆ. ಖಾತೆಯ ವಿವರವಿದ್ದ ಕಾರಣ ಅದು ನ್ಯಾಯವಾಗಿತ್ತು. ಆದರೆ ಅದೇ ಖಾನೆಯಲ್ಲಿದ್ದ, ಎರಕದ್ದೆಂದು ನೋಡಿದೊಡನೆ ತಿಳಿಯುವ ತುಂಡಿಗೂ 1,500 ಹೇಳಿದ್ದು ಸರಿಯಲ್ಲ. ಚೌಕಾಸಿಗೆ ಅವರು ಬೇಸರಪಡುವುದಿಲ್ಲ. ದೋಷವನ್ನು ತೋರಿಸಿ ಕಾರಣ ಹೇಳಿದರೆ ಕೇಳಿಸಿಕೊಂಡು ಬೆಲೆ ಇಳಿಸುತ್ತಾರೆ, ಕೆಲವೊಮ್ಮೆ ಚೀಟಿಯನ್ನೂ ಬದಲಿಸುತ್ತಾರೆ. ಕೊಂಡದ್ದನ್ನು ಮರಳಿ ಪಡೆಯುವ ಪದ್ಧತಿ ಮಾತ್ರ ಇಲ್ಲ.

ಹೋಗುವವರು ಕಾನೂನನ್ನೂ ಗಮನದಲ್ಲಿಡಬೇಕು. 1972ರ ಪ್ರಾಚೀನ ವಸ್ತುಗಳ ಕಾಯಿದೆ 100 ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುಗಳಿಗೆ ಅನ್ವಯಿಸುತ್ತದೆ; ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಈ ಅಂಗಡಿಯವರು ಕೇಳಿದಾಗ ಪರವಾನಗಿಯನ್ನು ತೋರಿಸಿದರು. ವಿದೇಶದ ಸಂಗ್ರಹಕಾರರೊಡನೆ ವಿನಿಮಯ ಮಾಡಿಕೊಳ್ಳುವ ಆಲೋಚನೆ ಇರುವವರು ಮೊದಲೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಅಂಗಡಿಯೊಳಗೆ ಬೆಳಕು ಕಡಿಮೆಯಿರುವುದರಿಂದ ಬೆಳಗಿನ ಹೊತ್ತು ಹೋಗಿ, ಬಿಲ್ಲೆಯನ್ನು ಬಾಗಿಲ ಬಳಿ ತಂದು ನೋಡಲು ಅನುಮತಿ ಕೇಳಿರಿ. ಹಣ ಕೊಡುವ ಮುನ್ನ ಖಾತೆಯಲ್ಲಿನ ಸಾಲನ್ನು ರಸೀದಿಯ ಮೇಲೆ ಬರೆದುಕೊಡುವಂತೆ ಹೇಳಿರಿ. ತಾವಾಗಿ ಅದನ್ನು ಕೊಡುವ ರೂಢಿ ಅವರಿಗಿಲ್ಲ, ಕೇಳಿದರೆ ಸಂತೋಷದಿಂದ ಬರೆದು ಸಹಿ ಹಾಕುತ್ತಾರೆ.