ರಬ್ಬರ್ ಬೀಡಿಂಗ್‌ಗೆ ಸಿಲಿಕೋನ್ ಸ್ಪ್ರೇ: ಎರಡು ವರ್ಷದ ಬಳಕೆಯ ನಂತರ

ನಮ್ಮ ಆರ್‌ವಿಗೂ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಗಾಡಿ) ಮನೆಗೂ ಎರಡು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ. 400 ಮಿಲಿಯ ಡಬ್ಬಿ, ಈಗ ಎರಡನೆಯದು ನಡೆಯುತ್ತಿದೆ. ಗಾಡಿ ಇರುವವರು ಒಂದೇ ಒಂದು ಸ್ಪ್ರೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಮೊದಲು ನಾನು ಎಲ್ಲದಕ್ಕೂ ಮಾಮೂಲಿ ಆಯಿಲ್ ಸ್ಪ್ರೇ ಹೊಡೆಯುತ್ತಿದ್ದೆ. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯ ಸ್ಲೈಡ್‌ಔಟ್ (ಒಳಗೆ ಜಾಗ ಹೆಚ್ಚಿಸಲು ಗೋಡೆಯಿಂದ ಹೊರಕ್ಕೆ ಸರಿಯುವ ಭಾಗ) ಗುಂಡಿ ಒತ್ತಿದರೆ ಚರ್ ಅಂತ ಸದ್ದು. ಅದರ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಗೋಡೆಗೆ ಅಂಟಿಕೊಂಡು, ಮೂಲೆಯಲ್ಲಿ ಅಂಗೈಯುದ್ದ ಹರಿದಿತ್ತು. ಮುಟ್ಟಿದರೆ ಬೆರಳೆಲ್ಲ ಕಪ್ಪು. ಈ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರ್. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನ್‌ನಿಂದ ಆ ತೊಂದರೆ ಇಲ್ಲ.

ಆದರೆ ಸುಮ್ನೆ ಹೊಡೆದುಬಿಟ್ಟರೆ ಪ್ರಯೋಜನವಿಲ್ಲ. ನಾನು ಮೂರು ತಿಂಗಳಿಗೊಮ್ಮೆ ಪಾತ್ರೆ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಬೀಡಿಂಗ್ ಒರೆಸುತ್ತೇನೆ. ಮಡಿಕೆಯೊಳಗಿನ ಮಣ್ಣು ಬಟ್ಟೆಗೆ ಸಿಗುವುದಿಲ್ಲ, ಅದಕ್ಕೆ ಹಳೇ ಟೂತ್‌ಬ್ರಷ್ಷೇ ಬೇಕು. ಚೆನ್ನಾಗಿ ಒಣಗಿದ ಮೇಲೆ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರುತ್ತೇನೆ. ನೇರವಾಗಿ ಹೊಡೆದರೆ ನೆಲಕ್ಕೂ ಬೀಳುತ್ತದೆ. ಒಮ್ಮೆ ಹಾಗೆ ಮಾಡಿದಾಗ ಅಮ್ಮ ಬಾಗಿಲ ಹತ್ತಿರ ಜಾರಿದರು. ಕೈಗೆ ಹಿಡಿಕೆ ಸಿಕ್ಕಿತು, ಬೀಳಲಿಲ್ಲ. ಆ ಜಾರಿಕೆ ಹೋಗಲು ನೆಲವನ್ನು ಸೋಪು ಹಾಕಿ ಎರಡು ಸಲ ಉಜ್ಜಬೇಕಾಯಿತು. ದಯವಿಟ್ಟು ಈ ವಿಷಯದಲ್ಲಿ ಎಚ್ಚರ.

ಮನೆಯಲ್ಲಿ ಜಾಸ್ತಿ ಉಪಯೋಗ ಆಗಿದ್ದು ಸ್ಲೈಡಿಂಗ್ ಕಿಟಕಿಗೆ. ಕೆಳಗಿನ ಟ್ರ್ಯಾಕ್‌ನ ಧೂಳೆಲ್ಲ ಬ್ರಷ್‌ನಿಂದ ಎಳೆದು ತೆಗೆದು, ತೆಳ್ಳಗೆ ಸವರಿದೆ. ಎರಡೂ ಕೈಯಲ್ಲಿ ಎಳೆಯುತ್ತಿದ್ದ ಮಗಳು ಈಗ ಒಂದೇ ಬೆರಳಲ್ಲಿ ತೆಗೆಯುತ್ತಾಳೆ. ಡ್ರಾಯರ್‌ನ ಪ್ಲಾಸ್ಟಿಕ್ ಚಾನಲ್‌ಗೂ ಅಷ್ಟೇ ಚೆನ್ನಾಗಿದೆ.

ಎಲ್ಲದಕ್ಕೂ ಇದು ಆಗುವುದಿಲ್ಲ. ಭಾರ ಹೊರುವ ಕಬ್ಬಿಣದ ಕೀಲುಗಳಿಗೆ ಗ್ರೀಸ್ ಬೇಕು. ಬೀಗದೊಳಕ್ಕೆ ಗ್ರಾಫೈಟ್ ಪುಡಿ ವಾಸಿ. ಮುಂದೆ ಪೇಂಟ್ ಹೊಡೆಯಬೇಕಾದ ಜಾಗದ ಹತ್ತಿರ ಇದನ್ನು ತರಲೇಬೇಡಿ, ಬಣ್ಣ ನಿಲ್ಲುವುದಿಲ್ಲ. ಬ್ರೇಕಿಗಂತೂ ಒಂದು ಹನಿಯೂ ತಾಗಬಾರದು.

ಡಬ್ಬಿಯೊಳಗಿನ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಗಾಡಿಯೊಳಗೆ ಬಳಸುವಾಗ ಒಲೆ ಆರಿಸಿ, ಫ್ರಿಜ್ ಗ್ಯಾಸಿನಲ್ಲಿ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ, ಕಿಟಕಿ ತೆಗೆದಿಡಿ. 50 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಬಾರದು ಎಂದು ಡಬ್ಬಿಯ ಮೇಲೇ ಬರೆದಿದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಅಷ್ಟು ಕಾವು ಏರಬಹುದು ಅಲ್ವಾ? ಹಾಗಾಗಿ ನಾನು ಡಬ್ಬಿಯನ್ನು ಮನೆಯಲ್ಲೇ ಇಡುತ್ತೇನೆ.

ಹರಿದ ಮೂಲೆ ಮಾತ್ರ ಸರಿಹೋಗಲಿಲ್ಲ, ಆ ಒಂದು ಬದಿಯ ಬೀಡಿಂಗ್ ಹೊಸದು ಹಾಕಿಸಿದೆ. ಉಳಿದ ಮೂರು ಬದಿ ಹಳೆಯದೇ. ಬೆರಳಲ್ಲಿ ಒತ್ತಿದರೆ ಈಗಲೂ ಮತ್ತೆ ಎದ್ದು ನಿಲ್ಲುತ್ತದೆ.